ಆಸ್ಪತ್ರೆ ಗೋಡೆಯ ಮ್ಯಾಟಿನಿ

ನಾನು ಕುಡಿತ ಬಿಡಲೆಂದು ಆಸ್ಪತ್ರೆ ಸೇರಿದ ದಿನ ಊರಿನ ಬಸ್ಸು ತಡವಾಗಿ ಹೊರಟಿತು. ಕಾರಣ ನಾನಲ್ಲ. ಡ್ರಿಲ್ ಮೇಷ್ಟ್ರು ಗುಂಡೂರಾಯರ ಬಾತುಕೋಳಿಗಳು ರಸ್ತೆ ದಾಟುತ್ತಿದ್ದವು. ಮೇಷ್ಟ್ರು ನಿದ್ದೆ ಮಾತ್ರೆಯ ಚಟ ಬಿಡಿಸಿಕೊಳ್ಳಲು ನನಗಿಂತ ಮೊದಲೇ ಸೇರಿದ್ದರು. ಮಾತ್ರೆ ಇಳಿಸುತ್ತಾ ಬಂದಂತೆ ಅವರ ಕಣ್ಣ ಮುಂದೆ ಬಾತುಕೋಳಿಗಳ ಸಾಲು ಶುರುವಾಗಿತ್ತು. ನಮ್ಮೂರಿನಲ್ಲಿ ಚಟ ಬಿಡುವವನ ಕಣ್ಣಿಗೆ ಬಿದ್ದದ್ದು ಊರಿನವರೆಲ್ಲರ ಕಣ್ಣಿಗೂ ಬೀಳುತ್ತದೆ. ಕಂಡಕ್ಟರು ಬಸ್ಸಿನಿಂದ ಇಳಿದು, ಸಾಲು ತಪ್ಪಿದ್ದ ಎರಡು ಬಾತುಗಳನ್ನು ಟವೆಲ್ ಬೀಸಿ ಒಳಗೆ ಸೇರಿಸಿ, ಆಸ್ಪತ್ರೆಯ ಕಿಟಕಿಯತ್ತ ಮುಖ ಮಾಡಿ ಹೇಳಿದ, "ಲೈನು ನೆಟ್ಟಗೈತೆ ಸಾ, ನೀವು ಮಲೀಕೊಳಿ." ಒಳಗಿನಿಂದ ಮೇಷ್ಟ್ರ ಸೀಟಿ ಕೇಳಿಸಿತು. ಬಸ್ಸು ಹೊರಟಿತು.

ಇದೆಲ್ಲ ಊರಿಗೆ ಹೊಸದಲ್ಲ. ಸಾಮಿಲ್ಲಿನ ದಾಸಪ್ಪ ಕುಡಿತ ಬಿಟ್ಟಾಗ ಸಂತೆಯ ನಡುವೆ ಒಂದು ಆನೆ ನಿಂತಿತ್ತು. ಸೊಪ್ಪಿನವರು ಅದರ ಸುತ್ತ ಗೋಣಿ ಹಾಸಿಕೊಂಡು ವ್ಯಾಪಾರ ಮಾಡಿದರು. ಇಷ್ಟು ದೊಡ್ಡ ಆನೆಗೆ ನೆರಳೊಂದು ಇರಬಾರದಿತ್ತೇ ಎಂದು ಗೊಣಗಿದ್ದು ಬಿಟ್ಟರೆ ಯಾರೂ ಏನೂ ಅನ್ನಲಿಲ್ಲ. ಪೋಸ್ಟ್‌ಮ್ಯಾನ್ ಪುಟ್ಟಸ್ವಾಮಿಯ ಇರುವೆಗಳು ಬಂದಾಗ ಇಡೀ ಬೀದಿಯವರು ಬೆಲ್ಲದ ಡಬ್ಬ ಮುಚ್ಚಿಟ್ಟರು, ಅವು ತಿನ್ನುವುದಿಲ್ಲ ಎಂದು ಗೊತ್ತಿದ್ದೂ. ಇಂಥವುಗಳ ಒಳಗಿಂದ ಗಾಳಿಯೊಳಗೆ ಹೋದಂತೆ ಹಾಯ್ದು ಹೋಗಬಹುದು. ಆದರೆ ಯಾರೂ ಹಾಯುವುದಿಲ್ಲ. ಒಬ್ಬ ಮನುಷ್ಯನ ನಡುಕದ ಒಳಗಿಂದ ನಡೆದುಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ದಾರಿ ಬಿಡಬೇಕು, ಕಣ್ಣು ತಗ್ಗಿಸಬೇಕು, ಗುಂಪು ಕಟ್ಟಿಕೊಂಡು ನೋಡಬಾರದು.

ಆಸ್ಪತ್ರೆಯ ಅಂಗಳದಲ್ಲಿ ಒಂದು ಹೊಂಗೆ ಮರ, ಅದರ ಸುತ್ತ ಕಟ್ಟೆ. ಡಾಕ್ಟರ್ ಐರಿನ್ ಕರಾವಳಿಯಿಂದ ಬಂದವರು, ಹೊರಗಿನವರಾದ್ದರಿಂದ ಅವರಿಗೆ ಇವು ಯಾವುವೂ ಕಾಣುವುದಿಲ್ಲ. ನಾಡಿ, ಬಿಪಿ, ಬೆವರು, ನಾಲಗೆ ಎಲ್ಲವನ್ನೂ ಅವರೇ ನೋಡುತ್ತಾರೆ; ಆದರೆ ಪ್ರತಿ ಬೆಳಿಗ್ಗೆ ಕಟ್ಟೆಗೆ ಬಂದು, ಯಾರದ್ದು ಎಂತ ಉಂಟು ಇವತ್ತು ಎಂದು ಕೇಳುತ್ತಾರೆ. ಕಟ್ಟೆಯ ಮೇಲೆ ಕಡಲೇಕಾಯಿ ಮಾರುವ ಸಾವಂತ್ರಮ್ಮ ಮತ್ತು ಅಲ್ಲಿ ಕೂತವರು ಕಂಡದ್ದನ್ನು ಹೇಳುತ್ತಾರೆ. ಏನೂ ಕಾಣುತ್ತಿಲ್ಲ ಎಂದು ಕಟ್ಟೆ ಹೇಳಿದ ದಿನ ಬಿಡುಗಡೆ.

ನಾನು ನಿಂಗರಾಜು. ಊರಿನ ಮೈಕು. ಆಟೋದ ನೆತ್ತಿಗೆ ಎರಡು ಹಾರ್ನ್ ಕಟ್ಟಿಕೊಂಡು ಬೀದಿ ಬೀದಿಗೆ ಪ್ರಚಾರ ಮಾಡುವವನು. ಸೀರೆಯ ರಿಯಾಯಿತಿಯಾಗಲಿ, ಕುರಿಗೆ ಲಸಿಕೆ ಹಾಕುವುದಾಗಲಿ, ನನ್ನ ಬಾಯಲ್ಲಿ ಅದು ಹೀರೋ ಎಂಟ್ರಿಯಾಗುತ್ತದೆ. "ಕುರಿ ನಿಮ್ದು, ಸೂಜಿ ಸರ್ಕಾರದ್ದು, ಆದ್ರೆ ಎಚ್ಚರಿಕೆ ಈ ನಿಂಗಂದು" ಎಂದು ನಾನು ಹೇಳಿದರೆ ಕುರಿ ಇಲ್ಲದವರೂ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಒಮ್ಮೆ ತಹಶೀಲ್ದಾರ್ ಸಾಹೇಬರ ಗಂಟಲನ್ನು ಅನುಕರಿಸಿ, ನಾಳೆ ರಸ್ತೆಯ ಎಡಗಡೆ ನಡೆಯುವವರು ಕಡ್ಡಾಯವಾಗಿ ಛತ್ರಿ ಹಿಡಿಯತಕ್ಕದ್ದು ಎಂದು ಸಾರಿದ್ದೆ. ಮರುದಿನ ಸುಡು ಬಿಸಿಲಲ್ಲಿ ಅರ್ಧ ಊರು ಛತ್ರಿ ಹಿಡಿದಿತ್ತು, ಉಳಿದರ್ಧ ಬಲಗಡೆ ನಡೆಯುತ್ತಿತ್ತು. ಟಾಕೀಸಿನ ಸೂರು ಕುಸಿದು ಬಾಗಿಲು ಹಾಕಿದ ಮೇಲೆ ಊರಿಗೆ ಸಿನಿಮಾ ಎಂದರೆ ನಾನೇ.

ಕುಡಿತ ನನಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಇದ್ದ ಹಾಗೆ. ಅದಿಲ್ಲದೆ ಸೀನ್ ಏಳುತ್ತಿರಲಿಲ್ಲ. ಬೆಳಿಗ್ಗೆ ಒಂದು ಕ್ವಾರ್ಟರ್ ಇಳಿದರೆ ಗಂಟಲು ತೆರೆಯುತ್ತಿತ್ತು, ಮಧ್ಯಾಹ್ನದ್ದು ಇಳಿದರೆ ಕೈ ನಿಲ್ಲುತ್ತಿತ್ತು. ಬಿಡಬೇಕು ಅನ್ನಿಸಿದಾಗ ನನ್ನ ಸ್ಟೈಲಿನಲ್ಲೇ ಬಿಟ್ಟೆ. ಮೈಕಿನಲ್ಲಿ ಸಾರಿಯೇ ಬಿಟ್ಟೆ: ನಿಂಗ ಇವತ್ತಿಂದ ಮುಟ್ಟಲ್ಲ, ರಿಹರ್ಸಲ್ ಇಲ್ಲ, ರೀಟೇಕ್ ಇಲ್ಲ, ಒಂದೇ ಟೇಕು. ಮರುದಿನ ಬ್ಲೌಸ್ ಪೀಸಿನ ಪ್ರಚಾರದ ನಡುವೆ, ಒಂದು ಕೊಂಡರೆ ಎಂಬಲ್ಲಿಗೆ ಮಾತು ನಿಂತಿತು. ಫಿಟ್ಸು. ಆಟೋದಲ್ಲೇ ಬಿದ್ದೆ, ಮೈಕು ಬಾಯಿಗೆ ಅಂಟಿಕೊಂಡೇ ಇತ್ತು. ನನ್ನ ಹಲ್ಲುಗಳು ಅದಕ್ಕೆ ಕಟಕಟ ಬಡಿದದ್ದು ಎರಡು ಹಾರ್ನುಗಳಿಂದ ಬಜಾರಿಗೆಲ್ಲ ಕೇಳಿಸಿತು. ನಿಂಗ ಹೊಸದಾಗಿ ಮಷೀನ್‌ಗನ್ ಸೌಂಡ್ ಕಲಿತಿದ್ದಾನೆ ಎಂದುಕೊಂಡು ಜನ ಶಿಳ್ಳೆ ಹೊಡೆದರು. ಶಿಳ್ಳೆ ಹೊಡೆಯದವಳು ನನ್ನಕ್ಕ ದೇವೀರಮ್ಮ ಒಬ್ಬಳೇ. ದರ್ಜಿ ಅಂಗಡಿಗೆ ಕಾಜಾ, ಗುಂಡಿ ಹಾಕಿಕೊಡುವವಳು. ತೊಡೆಯ ಮೇಲಿದ್ದ ಅಂಗಿ ಕೆಡವಿ, ತುಟಿಯ ನಡುವೆ ಸೂಜಿ ಕಚ್ಚಿಕೊಂಡೇ ಓಡಿ ಬಂದಳಂತೆ. ಆ ಸದ್ದು ಅವಳಿಗೆ ಗೊತ್ತಿತ್ತು. ಅವಳ ಗಂಡ ಲೋಕಪ್ಪ ಭಾವ ಹಿಂದೆ ಹೀಗೆಯೇ ಬಾವಿಯ ಹತ್ತಿರ ಬಿದ್ದವರು ಏಳಲೇ ಇಲ್ಲ.

ಅಕ್ಕ ಆಸ್ಪತ್ರೆಗೆ ಸೇರಿಸಿದಳು. ಡಾಕ್ಟರ್ ಐರಿನ್ ನನ್ನ ಕೈಗಳನ್ನು ಚಾಚಿಸಿ ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು. ಫ್ಯಾನ್ ಇಲ್ಲದೆಯೇ ಅದು ಹಾರಿತು.

"ಒಂದೇ ಸಲ ನಿಲ್ಲಿಸ್ಲಿಕ್ಕೆ ನಿನಗೆ ಯಾರು ಹೇಳಿದ್ದು?"

"ಹೀರೋಗೆ ಯಾರೂ ಹೇಳಲ್ಲ ಮೇಡಂ. ಹೀರೋ ಹೇಳ್ತಾನೆ, ಬಾಕಿಯವ್ರು ಕೇಳ್ತಾರೆ."

"ಹೌದಾ? ಹಾಗಾದ್ರೆ ಹೀರೋ ಸ್ವಲ್ಪ ಮಗ್ಗುಲಾಗು. ಇಂಜೆಕ್ಷನ್ ಉಂಟು."

ಸೂಜಿ ಚುಚ್ಚುತ್ತಲೇ ಅವರು ತಿಳಿಸಿ ಹೇಳಿದರು. ವರ್ಷಗಟ್ಟಲೆ ಕುಡಿದ ತಲೆಗೆ ಕುಡಿತವೇ ಬ್ರೇಕು. ಅದನ್ನು ಒಮ್ಮೆಲೇ ಕಿತ್ತರೆ ಇಳಿಜಾರಿನಲ್ಲಿ ಲಾರಿ ಬಿಟ್ಟಂತೆ. ಅದಕ್ಕೇ ಮಾತ್ರೆ ಕೊಟ್ಟು ಹಿಡಿದುಕೊಂಡು, ಮಾತ್ರೆಯನ್ನೂ ದಿನದಿಂದ ದಿನಕ್ಕೆ ತಗ್ಗಿಸಿ ಕೆಳಗಿಳಿಸಬೇಕು. ಒಮ್ಮೆ ಬಿದ್ದ ತಲೆಗೆ ಮತ್ತೆ ಬೀಳುವುದು ಸುಲಭ, ಎದ್ದೇಳುವುದು ಪ್ರತಿ ಸಲಕ್ಕೂ ಕಷ್ಟ. ಆದ್ದರಿಂದ ಒಂದು ಮಾತ್ರೆಯನ್ನೂ ತಪ್ಪಿಸಬಾರದು. ನನಗೆ ಇಲ್ಲಿ ಎಂತದೂ ಕಾಣುವುದಿಲ್ಲ, ಊರಿನವರ ಬಾಯಿಯನ್ನು ನಂಬಿಯೇ ನಾನು ಇರುವುದು ಎಂದೂ ಹೇಳಿದರು. ನಾನು ಧೈರ್ಯವಾಗಿಯೇ ಇದ್ದೆ. ನನಗೆ ಬಾತುಕೋಳಿ, ಇರುವೆ ಬರುವುದಿಲ್ಲ, ಬಂದರೆ ದೊಡ್ಡ ಬ್ಯಾನರಿನದೇ ಬರಬೇಕು ಎಂದು ಪಕ್ಕದ ಹಾಸಿಗೆಯ ಮೇಷ್ಟ್ರಿಗೆ ಸವಾಲು ಹಾಕಿ ಮಲಗಿದೆ.

ಬೆವರಿಗೆ ಹಾಸಿಗೆ ಒದ್ದೆಯಾಯಿತು. ಎದೆ ಡೋಲು ಬಡಿಯಿತು. ನೀರಿನ ಲೋಟ ಬಾಯಿಗೆ ಬರುವಷ್ಟರಲ್ಲಿ ಎದೆಯ ಮೇಲೆ ಖಾಲಿಯಾಗುತ್ತಿತ್ತು, ಕೊನೆಗೆ ಅಕ್ಕ ಚಮಚದಲ್ಲಿ ಕುಡಿಸಿದಳು. ಹೊದಿಕೆಯ ಮೇಲಿನ ಹೂಗಳು ಜಾಗ ಬದಲಾಯಿಸತೊಡಗಿದವು. ಆಮೇಲೆ ಮಧ್ಯಾಹ್ನದ ಹೊತ್ತಿಗೆ ನನ್ನ ಕಿಟಕಿಯ ಎದುರು, ಅಂಗಳದಾಚೆ ಸುಣ್ಣ ಬಳಿದಿದ್ದ ಹೆರಿಗೆ ವಾರ್ಡಿನ ಹಿಂಗೋಡೆಯ ಮೇಲೆ ಬೆಳಕು ಬಿತ್ತು. ತಮಟೆ, ಕಹಳೆ, ಮಿಂಚು. ಅಕ್ಷರಗಳು ಬಂದವು. ನನ್ನ ಹೆಸರು.

ಸಿನಿಮಾ. ಹೀರೋ ನಾನು.

ಗೋಡೆಯ ಮೇಲಿನ ನಾನು ರೋಡ್ ರೋಲರ್ ಮೇಲೆ ನಿಂತು ಊರಿಗೆ ಬರುತ್ತಿದ್ದೆ. ರೋಡ್ ರೋಲರ್ ಹೇಗೂ ನಿಧಾನ, ಅದರ ಮೇಲೆ ಸ್ಲೋ ಮೋಷನ್ ಬೇರೆ. ಎಂಟ್ರಿ ಮುಗಿಯುವಷ್ಟರಲ್ಲಿ ಸಾವಂತ್ರಮ್ಮನ ಅರ್ಧ ಬುಟ್ಟಿ ಕಡಲೇಕಾಯಿ ಖರ್ಚಾಗಿತ್ತು. ಮೊದಲು ಜನ ಪದ್ಧತಿಯಂತೆ ಕಣ್ಣು ತಗ್ಗಿಸಿಕೊಂಡೇ ಹೋಗುತ್ತಿದ್ದರು, ಆದರೆ ಕಾಲುಗಳು ಅಂಗಳ ಬಿಡುತ್ತಿರಲಿಲ್ಲ. ನೋಡಬಹುದೋ ಬಾರದೋ ಎಂದು ಕಟ್ಟೆಯ ಮೇಲೆ ದೊಡ್ಡ ಚರ್ಚೆಯಾಯಿತು. ಸಾವಂತ್ರಮ್ಮನೇ ತೀರ್ಪು ಕೊಟ್ಟಳು: "ಆನೆ ನೋಡ್ಬಾರ್ದು, ಸರಿ. ಸಿನ್ಮಾ ನೋಡ್ದೆ ಹೋದ್ರೆ ಸಿನ್ಮಾಕೇ ಅವಮಾನ ಕಣ್ರಪ್ಪ." ಅಷ್ಟಾದದ್ದೇ ತಡ, ಮರುದಿನ ಮಧ್ಯಾಹ್ನಕ್ಕೆ ಚಾಪೆಗಳು ಬಂದವು. ಹೆಂಗಸರಿಗೆ ಎಡಗಡೆ, ಗಂಡಸರಿಗೆ ಬಲಗಡೆ ಎಂದು ಮೇಷ್ಟ್ರು ಕಿಟಕಿಯಿಂದಲೇ ಸೀಟಿ ಊದಿ ಕೂರಿಸಿದರು. ಅವರ ಬಾತುಕೋಳಿಗಳು ಎಲ್ಲರಿಗಿಂತ ಮುಂದೆ, ನೆಲದಲ್ಲಿ ಕೂತವು.

ಏನು ಸಿನಿಮಾ ಅದು! ವಿಲನ್ ಯಾವಾಗಲೂ ಬೆನ್ನು ತಿರುಗಿಸಿ ದೊಡ್ಡ ಕುರ್ಚಿಯಲ್ಲಿ ಕೂತಿರುತ್ತಿದ್ದ. ಅವನ ಮುಖ ಕಾಣದು, ಲೋಟಕ್ಕೆ ಏನೋ ಸುರಿಯುವ ಕೈ ಮಾತ್ರ ಕಾಣುತ್ತಿತ್ತು. ಹೀರೋ ಅವನ ಆಳುಗಳನ್ನು ಒಬ್ಬೊಬ್ಬರನ್ನೇ ಹುಲ್ಲಿನ ಮೆದೆಗೆ ಎಸೆದು, ಕಾಲರ್ ಸರಿಮಾಡಿಕೊಂಡು ಹೇಳುತ್ತಿದ್ದ: "ನಾನು ನಿಂತ್ರೆ ನೆಲ ನಡುಗ್ತದೆ ಅಂತಾರೆ. ಸುಳ್ಳು. ನೆಲ ನಡುಗಿದ್ರೂ ನಾನು ನಿಂತಿರ್ತೀನಿ." ಅಂಗಳ ಹಾರಿಹೋಗುವಂಥ ಶಿಳ್ಳೆ. ಹಾಸಿಗೆಯ ಮೇಲಿನ ನಾನು, ಗಲ್ಲಕ್ಕೆ ಮೆತ್ತಿದ ಗಂಜಿ ಒರೆಸಿಕೊಳ್ಳಲಾಗದೆ ನಡುಗುತ್ತಿದ್ದವನು, ಆ ಶಿಳ್ಳೆ ಕೇಳಿ ಬದುಕಿಕೊಂಡೆ.

ಆದರೆ ಮಾತ್ರೆಗಳು ಕೆಲಸ ಮಾಡತೊಡಗಿದವು. ಮೊದಲು ಸೌಂಡ್ ಹೋಯಿತು. ಹೀರೋ ಬಾಯಿ ಆಡಿಸುತ್ತಿದ್ದ, ಮಾತಿಲ್ಲ. ಜನ ನರ್ಸಮ್ಮನಿಗೆ, ಸೌಂಡ್ ಬಿಡವ್ವೋ ಎಂದು ಕೂಗಿದರು. ಆಮೇಲೆ ಬಣ್ಣ ಹೋಗಿ ಕಪ್ಪು ಬಿಳುಪಾಯಿತು. ಹಿರಿಯರು ಇದೇ ಚೆನ್ನ ಎಂದರು. ಆಮೇಲೆ ನಡುನಡುವೆ ತೂತು ಬೀಳತೊಡಗಿತು, ಹೀರೋ ಹೊಡೆಯಲು ಕೈ ಎತ್ತಿದರೆ ಕೈಯ ಜಾಗದಲ್ಲಿ ಸುಣ್ಣ. ನನ್ನ ಕೈ ಹಗುರವಾಗುತ್ತಿತ್ತು, ಲೋಟ ಬಾಯಿಯವರೆಗೆ ಬರುತ್ತಿತ್ತು, ನಿದ್ದೆ ಹತ್ತುತ್ತಿತ್ತು. ಅಕ್ಕನ ಮುಖ ಸ್ವಲ್ಪ ಸಡಿಲಗೊಂಡಿತ್ತು. ಅಂಗಳದಲ್ಲಿ ಮಾತ್ರ ಗೊಂದಲ: ವಿಲನ್ ಮುಖವನ್ನೇ ತೋರಿಸಿಲ್ಲ, ಇದೇನು ಅನ್ಯಾಯ.

ಗೊಬ್ಬರದಂಗಡಿ ಉಗ್ರಪ್ಪ ಮೀಸೆ ಬಿಟ್ಟ ಭಾರಿ ಆಳು, ಸಿನಿಮಾ ಎಂದರೆ ಮಗು. ಅವನು ಕಿಟಕಿಯ ಸರಳು ಹಿಡಿದುಕೊಂಡು ಬೇಡಿಕೊಂಡ. ಕ್ಲೈಮ್ಯಾಕ್ಸ್ ಕಾಣದೆ ಅವನಿಗೆ ಅನ್ನ ಇಳಿಯುತ್ತಿಲ್ಲವಂತೆ, ಯೂರಿಯಾ ಕೇಳಿದವರಿಗೆ ಬೂಸಾ ಕೊಟ್ಟು ಕಳಿಸಿದ್ದನಂತೆ.

"ಒಂದು, ಒಂದೇ ಒಂದು ಮಾತ್ರೆ ಬಿಟ್ಬುಡೋ ನಿಂಗ. ನಿನ್ನಂಥ ಹೀರೋಗೆ ಏನಾಯ್ತದೆ."

ಅಕ್ಕ ಕಾಜಾ ಹಾಕಲು ಮನೆಗೆ ಹೋಗಿದ್ದಳು. ನರ್ಸಮ್ಮ ಕೊಟ್ಟ ಮಾತ್ರೆಯನ್ನು ದವಡೆಯ ಸಂದಿಗೆ ಸೇರಿಸಿ, ನೀರು ಕುಡಿದು, ಆ ಎಂದು ಬಾಯಿ ತೆರೆದು ತೋರಿಸಿದೆ. ಇಡೀ ಊರಿಗೆ ಛತ್ರಿ ಹಿಡಿಸಿದವನಿಗೆ ಒಂದು ಮಾತ್ರೆ ಯಾವ ಲೆಕ್ಕ. ಮುಂದಿನದನ್ನೂ ಹಾಗೆಯೇ ಮಾಡಿದೆ, ಯಾಕೆಂದರೆ ಮೊದಲನೆಯದಕ್ಕೆ ಬಣ್ಣ ಮಾತ್ರ ಬಂದಿತ್ತು, ಸೌಂಡ್ ಬಂದಿರಲಿಲ್ಲ.

ಮಧ್ಯಾಹ್ನ ಸೌಂಡ್ ಬಂತು. ಅಂಗಳ ಹಿಂದೆಂದೂ ಅಷ್ಟು ತುಂಬಿರಲಿಲ್ಲ. ಗೋಡೆಯ ಮೇಲಿನ ನಾನು ಬಾಗಿಲು ಒದ್ದು ವಿಲನ್ನಿನ ಕೋಣೆಯೊಳಗೆ ಹೋದೆ. ಕುರ್ಚಿ ಮೆಲ್ಲಗೆ ತಿರುಗತೊಡಗಿತು. ಕಡಲೇಕಾಯಿ ಬಿಡಿಸುವ ಸದ್ದೂ ನಿಂತಿತು. ಹೀರೋ ಕುರ್ಚಿಯ ಹಿಡಿಯ ಮೇಲೆ ಕೈ ಇಟ್ಟ, ಡೈಲಾಗ್ ಹೇಳಲು ಬಾಯಿ ತೆರೆದ. ಕೈ ನಡುಗಿತು. ಆಮೇಲೆ ಕುರ್ಚಿ ನಡುಗಿತು, ಕೋಣೆ ನಡುಗಿತು, ಗೋಡೆಯ ಮೇಲಿನ ಚಿತ್ರವೇ ನಡುಗಿತು. ಹೀರೋ ಬಿದ್ದ. ಹಿಮ್ಮಡಿಗಳು ನೆಲಕ್ಕೆ ಬಡಿಯತೊಡಗಿದವು, ಹಲ್ಲು ಕಟಕಟ ಅಂದಿತು. ಇದೇನು ಹೊಸ ಥರದ ಫೈಟು ಎಂದು ಯಾರೋ ಶಿಳ್ಳೆ ಹೊಡೆದರು. ಹಾಸಿಗೆಯ ಮೇಲಿನ ನಾನು ಇನ್ನೂ ಕೂತೇ ಇದ್ದೆ, ಸರಿಯಾಗಿಯೇ ಇದ್ದೆ, ನನ್ನನ್ನೇ ನೋಡುತ್ತಿದ್ದೆ. ಆಗ ಅಂಗಳದ ಹಿಂದಿನಿಂದ, ಆಗತಾನೇ ಬಂದಿದ್ದ ಅಕ್ಕನ ದನಿ ಬಂತು, ಜೋರಾಗಿ ಕೂಡ ಅಲ್ಲ.

"ಅದು ಸಿನ್ಮಾ ಅಲ್ಲ. ಡಾಕ್ಟ್ರುನ ಕರೀರಿ."

ಆಮೇಲಿನದು ನನಗೆ ಗೊತ್ತಿಲ್ಲ. ಗೋಡೆ ನನಗಿಂತ ಒಂದು ಗಳಿಗೆ ಮುಂದಿತ್ತು, ಆ ಗಳಿಗೆಯಲ್ಲೇ ಡಾಕ್ಟರ್ ಬಂದು ಮುಟ್ಟಿದ್ದರು ಎಂದು ಆಮೇಲೆ ಕೇಳಿದೆ. ಎಲ್ಲರಿಗಿಂತ ಮೊದಲು ಓಡಿ ಅವರನ್ನು ಕರೆತಂದವನು ಉಗ್ರಪ್ಪ. ಚಪ್ಪಲಿಯನ್ನು ಎಲ್ಲಿ ಬಿಟ್ಟನೋ ಅವನಿಗೂ ಗೊತ್ತಿಲ್ಲ. ನಾನು ಕಣ್ಣು ಬಿಟ್ಟಾಗ ನಾಲಗೆ ಕಚ್ಚಿಕೊಂಡು ದಪ್ಪಗಾಗಿತ್ತು, ಕೈಗೆ ಡ್ರಿಪ್ ಹಾಕಿದ್ದರು, ಕಾಲ ದೆಸೆಯಲ್ಲಿ ಉಗ್ರಪ್ಪ ಬರಿಗಾಲಲ್ಲಿ ನಿಂತಿದ್ದ. ಅವನ ಮೀಸೆ ಅದುರುತ್ತಿತ್ತು. ಡಾಕ್ಟರ್ ಬೈಯಲಿಲ್ಲ. ಅಂದಿನಿಂದ ಮಾತ್ರೆ ಕೊಟ್ಟಾಗಲೆಲ್ಲ ಟಾರ್ಚ್ ಹಿಡಿದು ನಾಲಗೆ ಎತ್ತಿಸಿ, ದವಡೆ ತೆರೆಸಿ, ಕಳ್ಳಸಾಗಣೆಯ ಲಾರಿ ತಪಾಸಣೆ ಮಾಡಿದಂತೆ ಮಾಡಿದರು. ನಾನು ಸಹಕರಿಸಿದೆ. ಡೈಲಾಗ್ ಹೊಡೆಯಲು ನಾಲಗೆ ಇರಲಿಲ್ಲ.

ಮಾತ್ರೆ ಮತ್ತೆ ಮೊದಲಿನಷ್ಟಕ್ಕೆ ಏರಿ, ಮತ್ತೆ ಮೆಲ್ಲಗೆ ಇಳಿಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಬರೀ ಗೋಡೆ. ಮಧ್ಯಾಹ್ನವೂ ಗೋಡೆ. ನಾಲಗೆ ವಾಸಿಯಾಗಿತ್ತು, ಹಸಿವಾಗುತ್ತಿತ್ತು, ನಾನು ಮತ್ತೆ ನಾನಾಗಿದ್ದೆ. ಆಟೋ ತುಕ್ಕು ಹಿಡಿಯುತ್ತಿದೆ, ನಾಳೆ ಬಿಡುಗಡೆ ಎಂದು ಲೆಕ್ಕ ಹಾಕಿದೆ. ನೇರ ಮನೆಗೇನೂ ಅಲ್ಲ. ಗೆದ್ದ ಹೀರೋ ಬಜಾರಿನಲ್ಲಿ ಒಂದು ಸುತ್ತು ಹಾಕಬೇಕು, ಸುತ್ತಿನಲ್ಲಿ ಸೇಂದಿ ಅಂಗಡಿಯೂ ಬರುತ್ತದೆ, ನೋಡಿಯೂ ಕುಡಿಯದೆ ಬಂದೆ ಎಂದು ಅಲ್ಲಿಯವರಿಗೆ ತೋರಿಸದಿದ್ದರೆ ಕ್ಲೈಮ್ಯಾಕ್ಸ್ ಎಲ್ಲಿಯದು.

ಬೆಳಿಗ್ಗೆ ಡಾಕ್ಟರ್ ಕಟ್ಟೆಗೆ ಬಂದು ಕೇಳುವುದನ್ನು ಕಿಟಕಿಯಿಂದ ಕೇಳಿಸಿಕೊಂಡೆ.

"ನಿಂಗರಾಜಂದು ಎಂತ ಉಂಟು?"

"ಓಡ್ತಾನೇ ಐತೆ ಮೇಡಂ," ಎಂದಳು ಸಾವಂತ್ರಮ್ಮ. "ಈಗ ಹೀರೋ ಎಮ್ಮೆ ಮೈ ತೊಳೀತಾವ್ನೆ."

ನಾನು ಗೋಡೆ ನೋಡಿದೆ. ಎಮ್ಮೆಯೂ ಇಲ್ಲ, ಹೀರೋನೂ ಇಲ್ಲ. ಮಧ್ಯಾಹ್ನ ಜನ ಎಂದಿನಂತೆ ಚಾಪೆ ತಂದರು, ಕೂತರು, ಖಾಲಿ ಗೋಡೆ ನೋಡುತ್ತಾ ಕಡಲೇಕಾಯಿ ತಿಂದರು. ನಡುವೆ ಒಮ್ಮೆ ಎಲ್ಲರೂ ನಕ್ಕರು, ಒಮ್ಮೆ ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಯಿತು. ನನ್ನ ತಲೆಯಿಂದ ಹೊರಟದ್ದು ನನಗೇ ಕಾಣದೆ ಊರಿಗೆಲ್ಲ ಕಾಣುತ್ತಿದೆ ಎಂದರೆ ಇದು ಯಾವ ಸೀಮೆ ಕಾಯಿಲೆ. ಮರುದಿನ ಹೀರೋ ಪಾತ್ರೆ ಉಜ್ಜಿದನಂತೆ. ಅದರ ಮರುದಿನ ವಿಲನ್ನಿನ ಆಳುಗಳಿಗೆ ರಾಗಿ ಮುದ್ದೆ ಬಡಿಸಿ, ಇನ್ನೂ ಸ್ವಲ್ಪ ಸಾರು ಹಾಕ್ಲಾ ಎಂದು ಕೇಳಿದನಂತೆ. ಫೈಟು ಎಲ್ಲಿ ಹೋಯಿತು ಎಂದು ಕಿಟಕಿಯಿಂದ ಕಿರುಚಿದೆ. ಫ್ಯಾಮಿಲಿ ಪಿಚ್ಚರ್ ಕಣಪ್ಪಾ, ನಿಂಗೆ ಟೇಸ್ಟಿಲ್ಲ ಎಂದು ಉಗ್ರಪ್ಪ ಗಂಭೀರವಾಗಿ ಉತ್ತರ ಕೊಟ್ಟ.

ಮೇಷ್ಟ್ರ ಸಾಲಿನಲ್ಲಿ ಆಗ ಒಂದೇ ಬಾತುಕೋಳಿ ಉಳಿದಿತ್ತು, ಅವರು ಹೆಚ್ಚು ಹೊತ್ತು ಶಾಂತವಾಗಿರುತ್ತಿದ್ದರು. ಪಕ್ಕದ ಹಾಸಿಗೆಗೆ ವಾಲಿ ಕೇಳಿದೆ: ಸಾರ್, ನಿಜ ಹೇಳಿ, ಆ ಗೋಡೆ ಮೇಲೆ ನಿಮಗೆ ಏನು ಕಾಣಿಸುತ್ತದೆ?

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸುಣ್ಣ," ಎಂದರು. "ಬಲಗಡೆ ಒಂಚೂರು ಪಾಚಿ."

ನನಗೆ ಎಷ್ಟು ಸಿಟ್ಟು ಬಂತೆಂದರೆ ಅದರ ಹಿಂದೆಯೇ ನಗುವೂ ಬಂತು. ನನಗೇ! ಈ ಊರಿಗೆ ಆಟ ಕಟ್ಟುವುದನ್ನು ಕಲಿಸಿದ ನನಗೇ ಇಡೀ ಊರು ಸೇರಿ ಆಟ ಕಟ್ಟಿತ್ತು. ಚಾಪೆ ಸಮೇತ, ಅಳು ಸಮೇತ. ಮನಸ್ಸಿನಲ್ಲೇ ಶಹಬ್ಬಾಸ್ ಅಂದೆ. ಆದರೆ ಹೀರೋಗೆ ಮೋಸ ಮಾಡಿದವರಿಗೆ ಮುಂದಿನ ಸೀನಿನಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿರುವುದೇ. ನಾಳೆ ಡಾಕ್ಟರ್ ಮುಂದೆ ಇವರ ಬಣ್ಣ ಬಯಲು ಮಾಡಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ಹೊರಡುವುದೆಂದು ತೀರ್ಮಾನಿಸಿದೆ. ಅದಕ್ಕೆ ಮೊದಲು ಸಾವಂತ್ರಮ್ಮನಿಗೆ ನಾಲ್ಕು ಮಾತು ಅನ್ನಬೇಕಿತ್ತು. ಸಂಜೆ ಚಾಪೆಗಳೆಲ್ಲ ಎದ್ದು ಹೋದ ಮೇಲೆ ಅಂಗಳಕ್ಕೆ ಇಳಿದೆ. ಅವಳು ಸಿಪ್ಪೆ ಗುಡಿಸುತ್ತಿದ್ದಳು.

ಅಜ್ಜಿ, ಎಮ್ಮೆ ಯಾವ ಬಣ್ಣದ್ದು ಎಂದೆ. ಅವಳು ನನ್ನ ಮುಖ ನೋಡಿದಳು, ನನಗೆ ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು. ಪೊರಕೆ ಬದಿಗಿಟ್ಟು ಕಟ್ಟೆಯ ಮೇಲೆ ಕೂತಳು.

"ನಿಮ್ ಭಾವಂದು ಏನಿತ್ತು ಗೊತ್ತೇನ್ಲಾ ನಿಂಗೆ?"

ಗೊತ್ತಿರಲಿಲ್ಲ. ಭಾವ ಆಸ್ಪತ್ರೆಯಲ್ಲಿದ್ದಾಗ ನಾನು ಪಕ್ಕದೂರಿನ ಜಾತ್ರೆಗಳಲ್ಲಿ ಮೈಕು ಹಿಡಿದು ತಿರುಗುತ್ತಿದ್ದೆ.

"ಕರು. ಒಂದು ಕಂದು ಕರು, ಇಷ್ಟೇ ಇಷ್ಟು. ಅಲ್ಲಿ ಬೋರಿನ ತಾವ ನಿಂತಿರೋದು. ಮೊದ್ಲು ಮಂದೆ ಇತ್ತು, ಆಮೇಕೆ ಅದೊಂದೇ ಉಳೀತು. ಮಾರ್ನೆ ದಿನ ಹಬ್ಬ. ನಿಮ್ಮಕ್ಕ ಒಬ್ಬಟ್ಟಿಗೆ ಬೇಳೆ ನೆನ್ಸಿ ಬಂದು ಇಲ್ಲೇ ನಿಂತಿದ್ಲು. ಡಾಕ್ಟ್ರಮ್ಮ ಕೇಳಿದ್ರು. ಒಂದು ಕರು ತಾನೆ, ಪಾಪ, ಹಬ್ಬಕ್ಕೆ ಮನೇಗ್ ಹೋಗ್ಲಿ ಅಂತ ನಾನು ಕಾಣ್ತಿಲ್ಲ ಅಂದೆ. ನಾನಂದೆ ಅಂತ ಎಲ್ರೂ ಅಂದ್ರು."

ಅವಳು ಅಂಗಳದ ಮೂಲೆಯ ಬೋರ್‌ವೆಲ್ಲಿನ ಕಡೆ ನೋಡಿದಳು. ಅಲ್ಲಿ ಈಗ ಒಂದು ಬಕೆಟ್ ಇತ್ತು.

"ಅವ್ನು ಗೇಟ್ ದಾಟ್ದಾಗ ಕರೂನೂ ಹಿಂದೇ ಹೋಯ್ತು ಕಣಪ್ಪ. ನಾವೆಲ್ಲ ನೋಡಿದೋ. ಮರ್ಯಾದೆಗೆ ಕಣ್ಣು ತಗ್ಗಿಸ್ಕೊಂಡೋ."

ಆಮೇಲಿನದು ಹೇಳಬೇಕಾಗಿರಲಿಲ್ಲ. ಹಬ್ಬದ ಮನೆಯಲ್ಲಿ ಯಾರೋ ಸುರಿದದ್ದು, ಭಾವ ಮತ್ತೆ ಹಿಡಿದದ್ದು, ಮತ್ತೆ ತಾವಾಗಿಯೇ ಒಮ್ಮೆಲೇ ಬಿಟ್ಟದ್ದು, ಬಾವಿ. ನನಗೆ ಎರಡನೆಯ ಸಲ ಫಿಟ್ಸು ಬಂದ ದಿನ, ನಾನು ಮೈಮರೆತು ಮಲಗಿದ್ದಾಗ, ಅಕ್ಕ ಈ ಕಟ್ಟೆಯ ಮುಂದೆ ಬಂದು ನಿಂತಿದ್ದಳಂತೆ. ಯಾರನ್ನೂ ಬೈಯಲಿಲ್ಲವಂತೆ. ಈ ಸಲ ಬೇಗ ಕಾಣ್ತಿಲ್ಲ ಅಂದ್ಬುಡ್ಬೇಡಿ ಎಂದಷ್ಟೇ ಹೇಳಿ ಹೋದಳಂತೆ. ಉಗ್ರಪ್ಪ ಅವತ್ತು ಮಳಿಗೆ ಮುಚ್ಚಿಕೊಂಡು ಬಂದು, ಎಷ್ಟು ದಿನ ಬೇಕಾದರೂ ಕೂರುತ್ತೇನೆ ಎಂದು ಚಾಪೆ ಹಾಸಿದನಂತೆ. ಎಮ್ಮೆ ಅವನ ಐಡಿಯಾ. ಮುದ್ದೆ ಸೀನ್ ಕಂಡಕ್ಟರದು.

ನಾನು ಒಳಗೆ ಬಂದೆ. ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ನಾಳೆ ಹೋಗೋಣ ಅಕ್ಕ, ನಾನೀಗ ಉಕ್ಕು ಎಂದೆ. ಅವಳು ಸೂಜಿಯನ್ನೂ ಒಂದು ಎಳೆ ಬಿಳಿ ದಾರವನ್ನೂ ನನ್ನ ಕಡೆ ಚಾಚಿದಳು.

"ನನ್ ಕಣ್ಣು ಮಂಜು. ಪೋಣ್ಸು."

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ದಾರದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡಿ, ಒಂದು ಕಣ್ಣು ಮುಚ್ಚಿ, ಗುರಿ ಹಿಡಿದೆ. ದಾರ ಸೂಜಿಯ ಎಡಕ್ಕೆ ಹೋಯಿತು. ಉಸಿರು ಕಟ್ಟಿದೆ, ಬಲಕ್ಕೆ ಹೋಯಿತು. ಕಾಗದ ಈಗ ಕೈಯ ಮೇಲೆ ಹಾರುತ್ತಿರಲಿಲ್ಲ, ನಿಜ. ಲೋಟ ತುಳುಕುತ್ತಿರಲಿಲ್ಲ. ಆದರೆ ಸೂಜಿಯ ಕಣ್ಣಿನ ಮುಂದೆ ಬಂದಾಗ ಬೆರಳಿನ ತುದಿಯಲ್ಲಿ ಆ ನಡುಕ ಇತ್ತು, ಇಷ್ಟೇ ಇಷ್ಟು, ಬೋರಿನ ಪಕ್ಕ ಸುಮ್ಮನೆ ನಿಂತ ಕರುವಿನ ಹಾಗೆ. ನಾನು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದೆ. ಅಕ್ಕ ಬೇಡ ಅನ್ನಲಿಲ್ಲ, ಅವಸರಪಡಿಸಲೂ ಇಲ್ಲ. ಕೊನೆಗೆ ಸೂಜಿಯನ್ನು ಅವಳ ಕೈಗೆ ವಾಪಸ್ಸು ಕೊಟ್ಟೆ, ಅವಳು ನೋಡದೆಯೇ ಪೋಣಿಸಿಕೊಂಡು ಕೆಲಸ ಮುಂದುವರಿಸಿದಳು.

ಬೆಳಿಗ್ಗೆ ಡಾಕ್ಟರ್ ಐರಿನ್ ಬರುವ ಹೊತ್ತಿಗೆ ನಾನೇ ಅಂಗಳದಲ್ಲಿದ್ದೆ. ಬ್ಯಾಗು ಹೆಗಲ ಮೇಲಿತ್ತು. ರಾತ್ರಿಯೇ ಕಟ್ಟಿಟ್ಟದ್ದು, ಬಿಚ್ಚಿರಲಿಲ್ಲ. ಅದನ್ನು ನೋಡಿ ಕಟ್ಟೆಯವರೆಲ್ಲ ನನ್ನ ಕಡೆ ತಿರುಗಿದರು. ಸಾವಂತ್ರಮ್ಮ ಕಡಲೇಕಾಯಿಯನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಿದ್ದಳು. ವರಾಂಡದ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು, ತಲೆ ಎತ್ತಲಿಲ್ಲ, ಆದರೆ ಸೂಜಿ ನಿಂತಿತ್ತು. ಡಾಕ್ಟರ್ ನನ್ನ ನಾಡಿ ಹಿಡಿದು ನೋಡಿದರು, ಬಿಟ್ಟರು. ಎಲ್ಲ ಸರಿಯೇ ಉಂಟು, ಮಾತ್ರೆಯೂ ಮುಗಿಯುತ್ತಾ ಬಂತು, ಆದರೂ ಇವರಿಗೆ ದಿನಾ ಸಿನಿಮಾ ಕಾಣುತ್ತದಲ್ಲ ಎಂದು ಗೋಡೆಯ ಕಡೆ ತಿರುಗಿದರು. ಅವರಿಗೆ ಎಂದಿನಂತೆ ಗೋಡೆ ಕಂಡಿತು. ಆ ಆಸ್ಪತ್ರೆಯಲ್ಲಿ ಯಾವ ರೋಗಿಯನ್ನೂ ಕೇಳದ ಪ್ರಶ್ನೆಯನ್ನು ಅವತ್ತು ನನ್ನನ್ನು ಕೇಳಿದರು.

"ನಿನಗೆ ಎಂತ ಕಾಣ್ತದೆ ಮಾರಾಯ?"

ಸುಣ್ಣ ಎಂದರೆ ಮುಗಿಯುತ್ತಿತ್ತು. ಗೇಟು ತೆರೆದಿತ್ತು, ಗೇಟಿನಾಚೆ ಬಜಾರು, ಬಜಾರಿನ ಸುತ್ತು. ನಾನು ಗೋಡೆಯನ್ನು ಚೆನ್ನಾಗಿ ನೋಡಿದೆ. ಬಲಗಡೆ ಒಂಚೂರು ಪಾಚಿ ಇತ್ತು, ಮೇಷ್ಟ್ರು ಹೇಳಿದ್ದು ನಿಜ. ಬ್ಯಾಗನ್ನು ಕೆಳಗಿಳಿಸಿ, ಕಾಲರ್ ಸರಿಮಾಡಿಕೊಂಡು ಹೇಳಿದೆ:

"ಇಂಟರ್ವಲ್ಲೇ ಆಗಿಲ್ಲ ಮೇಡಂ."

ಡಾಕ್ಟರ್ ಒಂದು ಕ್ಷಣ ನನ್ನನ್ನೂ, ಒಂದು ಕ್ಷಣ ಕಟ್ಟೆಯನ್ನೂ ನೋಡಿ, ಸರಿ ಹಾಗಾದರೆ ಎಂದು ಒಳಗೆ ಹೋದರು. ಮೆಟ್ಟಿಲ ಮೇಲೆ ಸೂಜಿ ಮತ್ತೆ ಓಡತೊಡಗಿತು. ಸಾವಂತ್ರಮ್ಮ ಒಂದು ಬೊಗಸೆ ಕಡಲೇಕಾಯಿಯನ್ನು ನನ್ನ ಮಡಿಲಿಗೆ ಹಾಕಿ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು. ಉಗ್ರಪ್ಪ ಎದ್ದು ನಿಂತು, ಅಂಗಳದಲ್ಲಿ ಆಗಲೇ ಚಾಪೆ ಹಾಸಿ ಕೂತಿದ್ದವರಿಗೆಲ್ಲ ಕೈ ಬೀಸಿದ.

"ಮುಂದ್ಗಡೆಯೋರು ತಲೆ ತಗ್ಸ್ರಪ್ಪ, ಹೀರೋಗೆ ಗೋಡೆ ಕಾಣ್ಲಿ."